ಅವಸರದ ಅಡುಗೆಯ ಪೂರ್ವವೃತ್ತಾಂತ

ಅಲ್ಪ ವೆಚ್ಚದಲ್ಲಿ, ಅಲ್ಪ ಕಾಲದಲ್ಲಿ ಸಿದ್ಧವಾಗುವ ಶಾಕಾಹಾರದ ಅಡುಗೆಯು ಕಚೇರಿಗೂ ಕಾರ್ಖಾನೆಗೂ ಓಡುವ ಈ ಕಾಲದವರ ಆವಿಷ್ಕಾರವೆಂದು ಭಾವಿಸುವವರು, ನಾಟಿಯ ದಿನಗಳಲ್ಲಿ ಬೆಳಕು ಹರಿಯುವುದಕ್ಕೆ ಮುನ್ನವೇ ಗದ್ದೆಗಿಳಿಯಬೇಕಾಗಿದ್ದ ಹೆಂಗಸನ್ನೂ, ಗಾಡಿ ಹೂಡಿಕೊಂಡು ದೂರದ ಸಂತೆಗೆ ಹೊರಡುತ್ತಿದ್ದ ಒಕ್ಕಲಿಗನನ್ನೂ, ದಾರಿಯಲ್ಲಿ ಒಲೆ ಹೂಡುವ ಅನುಕೂಲವಿಲ್ಲದ ಯಾತ್ರಿಕನನ್ನೂ ಮರೆತವರೇ ಸರಿ. ಹೊತ್ತಿಲ್ಲದವರು ಎಲ್ಲ ಕಾಲದಲ್ಲಿಯೂ ಇದ್ದರು. ಅವರ ಅಡುಗೆಯನ್ನು ಕುರಿತು ಬರೆದವರು ಮಾತ್ರ ವಿರಳ.

ಕನ್ನಡದಲ್ಲಿ ಪಾಕಶಾಸ್ತ್ರಕ್ಕೇನೂ ದಾರಿದ್ರ್ಯವಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವುಂಟು, ಹದಿನಾರನೆಯ ಶತಮಾನದ ಆದಿಯಲ್ಲಿ ಜೈನಕವಿ ಮೂರನೆಯ ಮಂಗರಸನು ಶಾಕಪಾಕಗಳನ್ನೇ ವಸ್ತುವಾಗಿಸಿಕೊಂಡು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದನು. ಆದರೆ ಇವು ಬಹುಮಟ್ಟಿಗೆ ತುಪ್ಪಕ್ಕೂ ಆಳುಕಾಳಿಗೂ ಕೊರತೆಯಿಲ್ಲದ ಮನೆಗಳ ಅಡುಗೆಗಳು. ಬಿಡುವಿಲ್ಲದ ಒಲೆಯ ಇತಿಹಾಸವನ್ನು ಅರಸುವವನು ಗ್ರಂಥವನ್ನು ಮಡಿಸಿಟ್ಟು ಬೀಸುವ ಕಲ್ಲು, ಒರಳು, ಒನಕೆಗಳ ಬಳಿಗೆ ಹೋಗತಕ್ಕದ್ದು.

ಹುರಿಹಿಟ್ಟನ್ನು ನೋಡಿರಿ. ಹಿಟ್ಟನ್ನು ಜರಡಿಯಲ್ಲಿ ಶೋಧಿಸುವ ಪ್ರಸ್ತಾಪ ಋಗ್ವೇದದಲ್ಲಿಯೇ ಬರುವುದರಿಂದ ಇದರ ಕುಲವು ಸಾಕಷ್ಟು ಪ್ರಾಚೀನವಾದದ್ದು. ನಮ್ಮ ಬಯಲುಸೀಮೆಯಲ್ಲಿ ರಾಗಿಯನ್ನು ನೀರಿನಲ್ಲಿ ನೆನೆಸಿ, ಬಸಿದು, ತೇವವಾರುವ ಹೊತ್ತಿಗೆ ಕಾದ ಬಾಣಲೆಗೆ ಹಾಕಿ ಕೈಬಿಡದೆ ಆಡಿಸಿದರೆ, ಆ ಕೆಂಗಾಳು ಚಟಪಟನೆ ಸಿಡಿದು ಬೆಳ್ಳನೆಯ ಅರಳಾಗುತ್ತದೆ. ಅದನ್ನು ಜರಡಿಯಾಡಿ ಬೀಸಿದ ನಸುಗೆಂಪು ಹಿಟ್ಟು ತಿಂಗಳೊಪ್ಪತ್ತು ಕೆಡದೆ ಉಳಿಯುತ್ತದೆ. ಉಣ್ಣುವ ಹೊತ್ತಿಗೆ ಬೇಕಾದುದು ಮಜ್ಜಿಗೆ, ಉಪ್ಪು, ಒಂದು ಈರುಳ್ಳಿ. ಇಲ್ಲವೆ ಬೆಲ್ಲ, ಕಾಯಿತುರಿ, ಇದ್ದರೆ ಹಾಲು. ಬೆಂಕಿಯ ಗೊಡವೆಯೇ ಇಲ್ಲ. ಅವಲಕ್ಕಿಯ ಕಥೆಯೂ ಇದೇ: ಬತ್ತವನ್ನು ನೆನೆಸಿ, ಹುರಿದು, ಬಿಸಿಯಾರುವುದರೊಳಗೆ ಒರಳಿನಲ್ಲಿ ಕುಟ್ಟಿ ಚಪ್ಪಟೆ ಮಾಡುವ ಶ್ರಮವು ಒಮ್ಮೆ ಮುಗಿದರೆ, ತಿನ್ನುವವನಿಗೆ ನೀರೊಂದಿದ್ದರೆ ಸಾಕು. ಇದು ಬಡವರ ಪದಾರ್ಥವೆಂಬುದಕ್ಕೆ ಭಾಗವತವೇ ಸಾಕ್ಷಿ. ಕುಚೇಲನ ಹೆಂಡತಿಗೆ ಆ ನಾಲ್ಕು ಮುಷ್ಟಿಯನ್ನೂ ನೆರೆಹೊರೆಯಲ್ಲಿ ಬೇಡಿ ತರಬೇಕಾಯಿತು.

ಅವಲಕ್ಕಿಗೆ ಸಾರಿನ ಪುಡಿ ಜೊತೆಗೂಡಿದಾಗ ಹುಟ್ಟಿದ ಗೊಜ್ಜವಲಕ್ಕಿಯನ್ನು ನಾನಂತೂ ಅವಸರದ ಅಡುಗೆಗಳಲ್ಲೆಲ್ಲ ಶ್ರೇಷ್ಠವೆಂದು ಎಣಿಸುತ್ತೇನೆ. ದಪ್ಪ ಅವಲಕ್ಕಿಯನ್ನು ತರಿತರಿಯಾಗಿ ಕುಟ್ಟಿ, ಹುಣಿಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿಗಳನ್ನು ಕದಡಿದ ನೀರಿನಲ್ಲಿ ನೆನೆಯಲು ಬಿಟ್ಟು, ಅದು ಉದುರುದುರಾಗಿ ಅರಳಿದ ಮೇಲೆ ಸಾಸಿವೆ, ಕಡಲೆಕಾಯಿ ಬೀಜ, ಕರಿಬೇವಿನ ಒಗ್ಗರಣೆ ಕೊಟ್ಟು ಕೊಬ್ಬರಿ ಉದುರಿಸಿದರೆ ಊಟವೇ ಆಯಿತು. ಆದರೆ ಈ ಸೌಕರ್ಯವೆಲ್ಲ ಅಡಗಿರುವುದು ಆ ಪುಡಿಯ ಡಬ್ಬಿಯಲ್ಲಿ. ಮಳೆ ಹಿಡಿಯುವುದಕ್ಕೆ ಮುಂಚೆ, ಬಿಸಿಲು ಖಾರವಾಗಿರುವಾಗಲೇ, ಮೆಣಸಿನಕಾಯಿಯನ್ನು ಗಲಗಲ ಎನ್ನುವಂತೆ ಒಣಗಿಸಿ, ಧನಿಯ, ಜೀರಿಗೆ, ಮೆಣಸು, ಮೆಂತ್ಯಗಳನ್ನು ಬೇರೆಬೇರೆಯಾಗಿಯೇ ಹುರಿದು — ಒಟ್ಟಿಗೆ ಹುರಿದರೆ ಧನಿಯ ಕಂಪೇರುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಕಹಿಯಾಗುತ್ತದೆ — ಕುಟ್ಟಿ, ಜರಡಿಯಾಡಿ ತುಂಬಿಡುವುದು ಇಡೀ ದಿನದ ಕೆಲಸ. ಮೆಣಸಿನಕಾಯಿಯು ಪೋರ್ಚುಗೀಸರ ಕಾಲದಲ್ಲಿ ಹೊರದೇಶದಿಂದ ಬಂದುದಾದ್ದರಿಂದ ಇಂದಿನ ಕೆಂಪು ಪುಡಿಗೆ ಹೆಚ್ಚಿನ ವಯಸ್ಸಿಲ್ಲ. ಅದಕ್ಕೆ ಮೊದಲು ಕರಿಮೆಣಸೇ ಖಾರದ ಭಾರವನ್ನೆಲ್ಲ ಹೊತ್ತಿತ್ತು. ಹಪ್ಪಳ, ಸಂಡಿಗೆ, ಬಾಳಕ, ಚಟ್ನಿಪುಡಿ, ಉತ್ತರದ ಜಿಲ್ಲೆಗಳ ಕಡಕ್ ಜೋಳದ ರೊಟ್ಟಿ, ಎಲ್ಲವೂ ಮುಂಚೆಯೇ ಮಾಡಿಟ್ಟುಕೊಳ್ಳುವ ಇದೇ ಲೆಕ್ಕದವು. ಊಟದ ಹೊತ್ತಿಗೆ ಉಳಿದಂತೆ ತೋರುವ ಸಮಯವನ್ನು ಮನೆಯ ಹೆಂಗಸರು ಎಂದೋ, ಬಹುಮಟ್ಟಿಗೆ ಬೆಳಗಿನ ಜಾವದ ಕತ್ತಲೆಯಲ್ಲಿ, ಮುಂಗಡವಾಗಿ ತೆತ್ತಿರುತ್ತಿದ್ದರು. ನಮ್ಮ ಜನಪದದಲ್ಲಿ ಬೀಸುವ ಪದಗಳೂ ಕುಟ್ಟುವ ಪದಗಳೂ ಅಷ್ಟು ಹೇರಳವಾಗಿರುವುದಕ್ಕೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಈ ಶ್ರಮವು ಮನೆಯ ಹೊಸ್ತಿಲನ್ನು ದಾಟಿದುದು ಇಪ್ಪತ್ತನೆಯ ಶತಮಾನದಲ್ಲಿ. ಮೊದಲು ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲನ್ನು ಮೂಲೆಗೆ ಸೇರಿಸಿತು. ಆಮೇಲೆ ಮಹಾಯುದ್ಧ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದುದರಿಂದ ಅಕ್ಕಿಯ ಅಭಾವವು ತೀವ್ರವಾಯಿತು. 1924ರಲ್ಲಿ ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದು, ಮುಂದೆ ಎಂಟಿಆರ್ ಎಂದು ಪ್ರಖ್ಯಾತವಾದ ಹೋಟೆಲಿನಲ್ಲಿ ಈ ಅಭಾವದ ಕಾಲದಲ್ಲಿಯೇ ರವೆ ಇಡ್ಲಿ ಹುಟ್ಟಿತೆಂದು ಆ ಹೋಟೆಲಿನವರು ಹೇಳಿಕೊಂಡು ಬಂದಿದ್ದಾರೆ. ಅಕ್ಕಿಯ ಅಭಾವ ನೀಗಿದ ಮೇಲೂ ಈ ಇಡ್ಲಿ ಮನೆಮನೆಯಲ್ಲಿ ನೆಲೆಸಿದುದಕ್ಕೆ ಕಾರಣ ಬೇರೆ: ರುಬ್ಬಬೇಕಾಗಿಲ್ಲ, ರಾತ್ರಿಯೆಲ್ಲ ಹುದುಗು ಬರಲೆಂದು ಕಾಯಬೇಕಾಗಿಲ್ಲ, ಹುರಿದ ರವೆಗೆ ಮೊಸರು, ಚಿಟಿಕೆ ಸೋಡಾ ಬೆರೆಸಿ ಹಬೆಗಿಟ್ಟರೆ ಮುಗಿಯಿತು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರವು ಹೋಟೆಲು ತಿಂಡಿಗಳ ಬೆಲೆಯನ್ನು ಇಳಿಸಿ ಗೊತ್ತುಪಡಿಸಲು, ಆ ದರದಲ್ಲಿ ತಮ್ಮ ರುಚಿಯನ್ನು ಕಾಯ್ದುಕೊಳ್ಳಲಾರದೆ ಎಂಟಿಆರ್ ಹೋಟೆಲಿನವರು ಕೆಲವು ವರ್ಷ ಬಾಗಿಲು ಮುಚ್ಚಿ, ಸಿದ್ಧ ಹಿಟ್ಟುಗಳನ್ನೂ ಮಸಾಲೆ ಪುಡಿಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಬೇಸಿಗೆಯ ಅಂಗಳದಲ್ಲಿ ನಡೆಯುತ್ತಿದ್ದ ಕೆಲಸವೇ ಹೀಗೆ ಅಂಗಡಿಯ ಸರಕಾಯಿತು. ಪೊಟ್ಟಣದ ಪುಡಿಗೆ ಮನೆಯ ಪುಡಿಯ ಘಮವಿಲ್ಲವೆಂದು ಹಳಬರು ಗೊಣಗುವುದುಂಟು. ಗೊಣಗುವವರಲ್ಲಿ ಒನಕೆ ಹಿಡಿದ ಗಂಡಸರು ಎಷ್ಟು ಮಂದಿಯೋ ನಾನರಿಯೆ. ಕಲಬುರಗಿ, ಹುಬ್ಬಳ್ಳಿಗಳ ಕಡೆಯಾದರೆ ಕೈಯಲ್ಲಿ ತಟ್ಟಿದ ರೊಟ್ಟಿಗೂ ಈಗ ಮಾರುಕಟ್ಟೆಯುಂಟು: ರೊಟ್ಟಿ ಕೇಂದ್ರಗಳಲ್ಲಿ ಹೆಂಗಸರು ತಟ್ಟಿ, ಸುಟ್ಟು, ಒಣಗಿಸಿದ ಕಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯೊಡನೆ ಬೆಂಗಳೂರಿನ ಅಂಗಡಿಗಳಲ್ಲಿಯೂ ಕೊಳ್ಳಬಹುದು, ಮತ್ತು ತಟ್ಟಿದವರಿಗೆ ಅದರಿಂದ ಕೂಲಿ ದೊರೆಯುತ್ತದೆ.