ಅಚ್ಚೇ ಗುರುತು: ಅಮೆರಿಕದ ‘ಡಿಪ್ರೆಷನ್ ಗ್ಲಾಸ್’

1920ರ ದಶಕದ ಕೊನೆಯಿಂದ 1940ರ ಆಸುಪಾಸಿನವರೆಗೆ ಅಮೆರಿಕದಲ್ಲಿ ಯಂತ್ರಗಳಿಂದ ತಯಾರಾದ ಅಗ್ಗದ ಬಣ್ಣದ ಗಾಜಿನ ತಟ್ಟೆ, ಬಟ್ಟಲು, ಲೋಟಗಳನ್ನು ‘ಡಿಪ್ರೆಷನ್ ಗ್ಲಾಸ್’ ಎನ್ನುತ್ತಾರೆ. ಈ ಹೆಸರು ಕಾರ್ಖಾನೆಗಳದ್ದಲ್ಲ. 1929ರ ಷೇರುಪೇಟೆ ಕುಸಿತದ ನಂತರದ ಬಡತನದ ವರ್ಷಗಳನ್ನು ನೆನೆದು ಸಂಗ್ರಾಹಕರು ಆಮೇಲೆ ಇಟ್ಟದ್ದು.

ಈ ಉದ್ಯಮ ನೆಲೆಗೊಂಡದ್ದು ಓಹಾಯೊ, ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ ಮತ್ತು ಇಂಡಿಯಾನಾ ರಾಜ್ಯಗಳಲ್ಲಿ. ಕುಲುಮೆಗೆ ಬೇಕಾದ ನೈಸರ್ಗಿಕ ಅನಿಲ, ಒಳ್ಳೆಯ ಮರಳು, ಸಾಗಣೆಗೆ ರೈಲು ಮತ್ತು ನದಿ ಅಲ್ಲಿ ಒಟ್ಟಿಗೇ ಇದ್ದವು. ಲಂಕಾಸ್ಟರಿನ ಹಾಕಿಂಗ್, ಕೊಲಂಬಸ್ಸಿನ ಫೆಡರಲ್, ಜೆನೆಟ್ ಪಟ್ಟಣದ ಜೆನೆಟ್, ಡಂಕರ್ಕಿನ ಇಂಡಿಯಾನಾ, ವೀಲಿಂಗಿನ ಹೇಜಲ್-ಅಟ್ಲಾಸ್ ಮುಖ್ಯ ತಯಾರಕರು. ಕೈಕೆಲಸದ ಜಾಗಕ್ಕೆ ಯಂತ್ರ ಬಂದದ್ದರಿಂದ ಲೋಟಗಳು ಐದು ಸೆಂಟಿಗೆ ಎರಡರಂತೆ ಸಿಗುವಷ್ಟು ಅಗ್ಗವಾದವು. ಅವು ಐದು-ಹತ್ತು ಸೆಂಟಿನ ಅಂಗಡಿಗಳಲ್ಲಿ ಮಾರಾಟವಾದವು, ಓಟ್ಸ್ ಡಬ್ಬಿಯೊಳಗೆ ಉಚಿತ ಕೊಡುಗೆಯಾಗಿ ಬಂದವು. ಪ್ರೇಕ್ಷಕರನ್ನು ಸೆಳೆಯಲು ಚಿತ್ರಮಂದಿರಗಳು ಟಿಕೆಟಿನ ಜೊತೆಗೆ ತಟ್ಟೆ-ಬಟ್ಟಲು ಹಂಚುವ ರಾತ್ರಿಗಳನ್ನು ಏರ್ಪಡಿಸಿದವು. ಹೀಗೆ ಬಿಡಿಬಿಡಿಯಾಗಿ ಮನೆ ಸೇರಿದ ಪಾತ್ರೆಗಳೇ ಮುಂದೆ ಗ್ಯಾರೇಜ್ ಸೇಲ್‌ಗಳಿಗೂ ಹಳೇ ಸಾಮಾನಿನ ಸಂತೆಗಳಿಗೂ ಬಂದವು.

ಬಹುಪಾಲು ಪಾತ್ರೆಗಳ ತಳದಲ್ಲಿ ತಯಾರಕರ ಮುದ್ರೆಯೇ ಇಲ್ಲ. ಆದ್ದರಿಂದ ಅಚ್ಚಿನಲ್ಲಿ ಕೊರೆದ ವಿನ್ಯಾಸವೇ ಗುರುತು. ಅಗ್ಗದ ಗಾಜಿನಲ್ಲಿ ಉಳಿಯುವ ಗುಳ್ಳೆ, ಗೆರೆಗಳನ್ನು ಮರೆಸಲು ಹೂಬಳ್ಳಿ, ಕಸೂತಿಯಂಥ ದಟ್ಟ ವಿನ್ಯಾಸಗಳು ನೆರವಾದವು. ಜೆನೆಟ್‌ನ ‘ಚೆರ್ರಿ ಬ್ಲಾಸಮ್’, ಹಾಕಿಂಗ್‌ನ ‘ಮೇಫೇರ್’, ಹೇಜಲ್-ಅಟ್ಲಾಸ್‌ನ ‘ರಾಯಲ್ ಲೇಸ್’, ಫೆಡರಲ್‌ನ ‘ಮ್ಯಾಡ್ರಿಡ್’ ಇವುಗಳಲ್ಲಿ ಹೆಸರಾದವು. 1970ರಲ್ಲಿ ಹೇಜಲ್ ಮೇರಿ ವೆದರ್‌ಮನ್ ಈ ವಿನ್ಯಾಸಗಳನ್ನು ಪುಸ್ತಕವಾಗಿ ದಾಖಲಿಸಿದ ಮೇಲೆ ಸಂಗ್ರಹದ ಹವ್ಯಾಸಕ್ಕೆ ಗಟ್ಟಿ ಆಧಾರ ಸಿಕ್ಕಿತು.

ಬಣ್ಣ ಎರಡನೆಯ ಸುಳಿವು. ಗುಲಾಬಿ, ಹಸಿರು, ಜೇನುಬಣ್ಣ ಹೇರಳ. ಕೋಬಾಲ್ಟ್ ಆಕ್ಸೈಡ್ ಬೆರೆಸಿದ ಗಾಢ ನೀಲಿ ಅಷ್ಟು ಸುಲಭವಾಗಿ ಸಿಗದು. ಕೆಲವು ಹಸಿರು ಪಾತ್ರೆಗಳಲ್ಲಿ ಯುರೇನಿಯಂ ಅಂಶವಿದ್ದು, ನೇರಳಾತೀತ ಬೆಳಕಿನಲ್ಲಿ ಅವು ಕಣ್ಣುಕುಕ್ಕುವಂತೆ ಹೊಳೆಯುತ್ತವೆ. ಆದರೆ ಈ ಹೊಳಪು ಯುರೇನಿಯಂ ಇರುವುದನ್ನಷ್ಟೇ ಹೇಳುತ್ತದೆ, ಪಾತ್ರೆಯ ವಯಸ್ಸನ್ನಲ್ಲ. ಹೊಸ ಗಾಜಿನಲ್ಲೂ ಯುರೇನಿಯಂ ಬಳಸಿದ್ದುಂಟು.

ಬೇಡಿಕೆ ಏರಿದಂತೆ ಮರುತಯಾರಿಕೆಯೂ ಶುರುವಾಯಿತು. ಫೆಡರಲ್ ಸಂಸ್ಥೆ 1976ರಲ್ಲಿ ‘ಮ್ಯಾಡ್ರಿಡ್’ ಅನ್ನು ‘ರೆಕಲೆಕ್ಷನ್’ ಎಂಬ ಹೆಸರಿನಲ್ಲಿ ಮತ್ತೆ ತಂದಾಗ ವಿನ್ಯಾಸದೊಳಗೆ ‘76’ ಎಂದು ನಮೂದಿಸಿತ್ತು. ಆ ಅಚ್ಚುಗಳು ಇಂಡಿಯಾನಾ ಗ್ಲಾಸ್ ಕೈಸೇರಿದ ಮೇಲೆ ಅಂಕಿ ಮಾಯವಾಗಿ, ಹಳತು-ಹೊಸತರ ವ್ಯತ್ಯಾಸ ಕಷ್ಟವಾಯಿತು. ಇಂಥಲ್ಲಿ ನೆರವಾಗುವುದು ಸೂಕ್ಷ್ಮ ವಿವರಗಳು. ಮೈತುಂಬ ವಿನ್ಯಾಸವಿರುವ ‘ಚೆರ್ರಿ ಬ್ಲಾಸಮ್’ ಹೂಜಿಯನ್ನು ಮಗುಚಿದರೆ ಅಸಲಿಯ ತಳದಲ್ಲಿ ಒಂಬತ್ತು ಚೆರ್ರಿ ಹಣ್ಣುಗಳಿರುತ್ತವೆ, ನಕಲಿನಲ್ಲಿ ಏಳೇ. ‘ಮೇಫೇರ್’ನ ಪುಟ್ಟ ವಿಸ್ಕಿ ಲೋಟದಲ್ಲಿ ಅಸಲಿಯ ಹೂವಿನ ತೊಟ್ಟು ಕೆಳಗೆ ಎರಡಾಗಿ ಕವಲೊಡೆಯುತ್ತದೆ, ನಕಲಿನದು ಒಂಟಿ ತೊಟ್ಟು.

ಕೊನೆಯದು ಪಾತ್ರೆಯ ಸ್ಥಿತಿ. ಅಂಚಿನ ಸುತ್ತ ಬೆರಳಾಡಿಸಿದರೆ ಕಣ್ಣಿಗೆ ಬೀಳದ ಚಕ್ಕೆ ತಿಳಿಯುತ್ತದೆ. ಚಾಕುವಿನ ಗೀರುಗಳು ಬಳಕೆಯ ಗುರುತಾದರೂ ಬೆಲೆ ಇಳಿಸುತ್ತವೆ. ಪಾತ್ರೆ ತೊಳೆಯುವ ಯಂತ್ರದ ಬಿಸಿನೀರು ಮತ್ತು ಕ್ಷಾರದಿಂದ ಗಾಜಿನ ಮೇಲ್ಮೈ ಸವೆದು ಮಬ್ಬಾದರೆ ಅದು ತೊಳೆದರೆ ಹೋಗುವಂಥದ್ದಲ್ಲ. ಬೆಣ್ಣೆ ಬಟ್ಟಲು, ಬಿಸ್ಕತ್ತಿನ ಜಾಡಿಗಳ ಮುಚ್ಚಳಗಳು ಬೇಗ ಒಡೆಯುತ್ತಿದ್ದರಿಂದ ಮುಚ್ಚಳ ಸಮೇತ ಉಳಿದವಕ್ಕೆ ಹೆಚ್ಚು ಬೆಲೆ.