ದಬ್ಬಣದಿಂದ ಚುಚ್ಚಿದರೆ ಶೆರಿಫ್

ಡಿಕ್ರಿ ಸಿಕ್ಕರೆ ಸಾಲದು, ಅಮಲ್ಜಾರಿ ಆಗಬೇಕು. ಸಿವಿಲ್ ವಕೀಲನಾದ ನನಗೆ ಅದು ದಿನನಿತ್ಯದ ಪಾಡು. ಇಂಗ್ಲೆಂಡಿನ ಕೌಂಟಿಗಳಲ್ಲಿ ಶತಮಾನಗಳ ಕಾಲ ಆ ಹೊಣೆ ಶೆರಿಫನದು. 1066ರಲ್ಲಿ ನಾರ್ಮನ್ನರು ಬರುವ ಮೊದಲೇ ಈ ಹುದ್ದೆಯಿತ್ತು. ಕಂದಾಯ ವಸೂಲಿ, ಕಳ್ಳರ ಬೇಟೆ, ಸೆರೆಮನೆ, ನೇಣು, ಕೌಂಟಿಯ ನ್ಯಾಯಾಲಯ ಎಲ್ಲವೂ ಅವನ ಕೈಯಲ್ಲೇ. ನಮ್ಮ ಅಮಲ್ದಾರ, ಫೌಜುದಾರ ಇಬ್ಬರೂ ಒಬ್ಬನೇ ಆದಂತೆ. ರಾಜನಿಗೆ ನಿಗದಿಯಾದ ಮೊತ್ತ ಕಟ್ಟಿ ಮಿಕ್ಕದ್ದನ್ನು ಜೇಬಿಗಿಳಿಸಬಹುದಿತ್ತು. ಸುಲಿಗೆಗೆ ಇನ್ನೇನು ಬೇಕು? ಆ ಅಧಿಕಾರ ಒಂದೊಂದಾಗಿ ಕಳಚಿತು. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಸನ್ನದಿನ 24ನೇ ಕಲಮು, ರಾಜನಿಗೆ ಸೇರಿದ ಮೊಕದ್ದಮೆಗಳನ್ನು ಶೆರಿಫ್ ವಿಚಾರಿಸಕೂಡದೆಂದಿತು. ಟ್ಯೂಡರರ ಕಾಲದಲ್ಲಿ ಅವನಿಗಿದ್ದ ಸೈನ್ಯದ ಹೊಣೆಯೂ ಲಾರ್ಡ್ ಲೆಫ್ಟಿನೆಂಟರೆಂಬ ಬೇರೆ ಅಧಿಕಾರಿಗಳ ಪಾಲಾಯಿತು. 2004ರಲ್ಲಿ ಹೈಕೋರ್ಟಿನ ಡಿಕ್ರಿ ಜಾರಿಯೂ ಬೇರೆ ಅಧಿಕಾರಿಗಳಿಗೆ ಹೋಯಿತು.

ಉಳಿದದ್ದು ಮರ್ಯಾದೆ. ಚರ್ಮದ ಸುರುಳಿಯಲ್ಲಿ ಬರೆದ, ಶೆರಿಫ್ ಆಗಲಿರುವವರ ಹೆಸರಿನ ಪಕ್ಕ ದೊರೆ ದಬ್ಬಣದಿಂದ ಚುಚ್ಚುತ್ತಾರೆ. ತೂತು ಬಿತ್ತೆಂದರೆ ನೇಮಕವಾಯಿತು. ಅವಧಿ ಒಂದು ವರ್ಷ, ಸಂಬಳವಿಲ್ಲ, ಖರ್ಚು ಸ್ವಂತದ್ದು. ಗಂಡಸರಾದರೆ ಮಖಮಲ್ಲಿನ ಕೋಟು, ಕೊರಳಲ್ಲಿ ಲೇಸು, ಸೊಂಟದಲ್ಲಿ ಕತ್ತಿ ಧರಿಸಿ, ಊರಿಗೆ ಬರುವ ಹೈಕೋರ್ಟ್ ನ್ಯಾಯಾಧೀಶರನ್ನು ಬರಮಾಡಿಕೊಳ್ಳುತ್ತಾರೆ. ಬ್ರಿಟಿಷರು ಬಾಂಬೆ, ಕಲ್ಕತ್ತ, ಮದ್ರಾಸಿಗೂ ಈ ಹುದ್ದೆಯನ್ನು ತಂದಿದ್ದರು.

ವೇಷವಷ್ಟೇ ಉಳಿಯಿತೆಂದು ನಗುವವರಿದ್ದಾರೆ. ವಸೂಲಿಗೆ ಮನೆ ಬಾಗಿಲಿಗೆ ಬರುತ್ತಿದ್ದವನಿಗಿಂತ ಈ ವೇಷಧಾರಿಯೇ ವಾಸಿ ಎನ್ನುವವನು ನಾನು.