ಬೆವರಿದ ಹಣೆ ಸಾಕ್ಷಿಯಲ್ಲ

ಕೊಲೆಯೋ ಕಳವೋ ನಡೆದ ಮೇಲೆ ಅದನ್ನು ಮಾಡಿದವರು ಯಾರೆಂಬ ಪ್ರಶ್ನೆಯನ್ನು ವಾದಿ ಪ್ರತಿವಾದಿಗಳು ಎದುರುಬದುರು ನಿಂತ ನ್ಯಾಯಸಭೆಯಲ್ಲಿಯೇ ಬಿಡಿಸುವ ಕಾದಂಬರಿಗಳು ಇಪ್ಪತ್ತನೆಯ ಶತಮಾನದಲ್ಲಿ ಅಪಾರ ಓದುಗರನ್ನು ಗಳಿಸಿದವು. ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಮಾಡಿದ್ದ ಅರ್ಲ್ ಸ್ಟಾನ್ಲಿ ಗಾರ್ಡ್ನರ್ 1933ರಲ್ಲಿ ಪೆರಿ ಮೇಸನ್ ಎಂಬ ವಕೀಲನನ್ನು ಓದುಗರ ಮುಂದೆ ತಂದ. ಮಿಷಿಗನ್ ರಾಜ್ಯದ ನ್ಯಾಯಮೂರ್ತಿ ಜಾನ್ ವೋಲ್ಕರ್ ರಾಬರ್ಟ್ ಟ್ರೇವರ್ ಎಂಬ ಹೆಸರಿನಲ್ಲಿ 1958ರಲ್ಲಿ ‘ಅನಾಟಮಿ ಆಫ್ ಎ ಮರ್ಡರ್’ ಪ್ರಕಟಿಸಿದ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಈ ಬಗೆಯ ಕಥೆಯ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ: ಪತ್ತೇದಾರಿ ಕಥೆಯು ಕಳ್ಳ ಸಿಕ್ಕಲ್ಲಿಗೆ ಮುಗಿಯುತ್ತದೆ, ನ್ಯಾಯಸಭೆಯ ಕಥೆಯಾದರೋ ಸಿಕ್ಕವನು ನಿಜವಾಗಿ ಕಳ್ಳನೇ ಎಂಬಲ್ಲಿಂದ ಮೊದಲಾಗುತ್ತದೆ. ಸಂಶಯಕ್ಕೂ ಸಾಬೀತಿಗೂ ನಡುವೆ ಇರುವ ಈ ಅಂತರದಲ್ಲಿಯೇ ಅಂಥ ಕಥೆಯ ಆಕರ್ಷಣೆಯೆಲ್ಲ ಅಡಗಿದೆ. ಆ ಅಂತರವನ್ನು ಅತ್ಯಂತ ಎಚ್ಚರದಿಂದ ಅಳೆದ ಗ್ರಂಥಗಳಲ್ಲಿ ಒಂದು ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಎಂದರೆ ಅಂದಿನ ಚಾಲುಕ್ಯರ ರಾಜಧಾನಿ ಕಲ್ಯಾಣದಲ್ಲಿ, ಸುಮಾರು ಒಂಬೈನೂರು ವರ್ಷಗಳ ಹಿಂದೆ ಹುಟ್ಟಿತು.

ಆ ಗ್ರಂಥಕ್ಕೂ ಮೊದಲು ಚಾಲುಕ್ಯರ ಆಶ್ರಯದಲ್ಲಿಯೇ ಕನ್ನಡದಲ್ಲೊಂದು ನ್ಯಾಯಸಭೆಯ ಕಥೆ ರೂಪುಗೊಂಡಿತ್ತು. ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿ, ಎಂದರೆ ಯುದ್ಧ ಮತ್ತು ಒಪ್ಪಂದಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿ ಇದ್ದ ದುರ್ಗಸಿಂಹನು ಸುಮಾರು 1031ರಲ್ಲಿ ರಚಿಸಿದ ಪಂಚತಂತ್ರದಲ್ಲಿ ಬರುವ ‘ವೃಕ್ಷಸಾಕ್ಷಿ’ಯ ಪ್ರಸಂಗವು ಕರ್ನಾಟಕದ ಶಾಲಾಮಕ್ಕಳಿಗೆ ಪಾಠವಾಗಿ ಪರಿಚಿತವಾಗಿದೆ. ಇಬ್ಬರು ಗೆಳೆಯರು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ಅದನ್ನು ಗುಟ್ಟಾಗಿ ಅಗೆದೊಯ್ದು, ಧರ್ಮಬುದ್ಧಿಯೇ ಕದ್ದನೆಂದು ಧರ್ಮಾಧಿಕರಣರ ಮುಂದೆ ದೂರು ಕೊಟ್ಟು, ಸಾಕ್ಷಿ ಯಾರೆಂದು ಕೇಳಿದಾಗ ಆ ಮರವೇ ಸಾಕ್ಷಿ ಎನ್ನುತ್ತಾನೆ, ಮತ್ತು ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿ ಅವನಿಂದ ಮರದ ದನಿಯಲ್ಲಿ ಸುಳ್ಳು ನುಡಿಸುತ್ತಾನೆ. ಸಭೆ ಬೆರಗಾಗುತ್ತದೆ. ಧರ್ಮಬುದ್ಧಿ ಬೆರಗಾಗುವುದಿಲ್ಲ, ಅವನು ಮರದ ಸುತ್ತ ನಡೆದು ನೋಡಿ, ಪೊಟರೆಯನ್ನು ಗುರುತಿಸಿ, ಅದಕ್ಕೆ ಹೊಗೆಯಿಡಿಸುತ್ತಾನೆ. ಈ ಕಥೆಯಲ್ಲಿ ಗಮನಿಸಬೇಕಾದುದು ಸುಳ್ಳು ಬಯಲಾದುದಷ್ಟೇ ಅಲ್ಲ, ಬಯಲಾದ ಬಗೆ. ದೈವವಾಣಿಯಂತೆ ಕೇಳಿಸಿದ ಮಾತನ್ನೂ ಸ್ಥಳಪರೀಕ್ಷೆಗೆ ಒಡ್ಡಬೇಕು ಎಂಬ ಬುದ್ಧಿ ಅಲ್ಲಿ ಕೆಲಸ ಮಾಡಿದೆ.

ದುರ್ಗಸಿಂಹನ ಬಳಿಕ ಒಂದೆರಡು ತಲೆಮಾರಿನಲ್ಲಿ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದನು, ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನ ಶಕೆಯನ್ನೇ ಆರಂಭಿಸಿ ಐವತ್ತು ವರ್ಷ ಆಳಿದನು. ಕಾಶ್ಮೀರದ ಕವಿ ಬಿಲ್ಹಣನಿಗೆ ಆಶ್ರಯವಿತ್ತ ಅದೇ ಆಸ್ಥಾನದಲ್ಲಿ ಪದ್ಮನಾಭ ಭಟ್ಟನ ಮಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದನು, ಅಳತೆ ಮೀರದ ಅಕ್ಷರಗಳುಳ್ಳದ್ದು ಎಂಬುದು ಆ ಹೆಸರಿನ ಅರ್ಥ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣದಂಥ ಪಟ್ಟಣವನ್ನೂ ವಿಕ್ರಮಾದಿತ್ಯನಂಥ ಅರಸನನ್ನೂ ಅಭಿಮಾನದಿಂದ ಹೊಗಳಿದ್ದಾನೆ. ಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳು; ವ್ಯವಹಾರವೆಂದರೆ ಇಲ್ಲಿ ವ್ಯಾಪಾರವಲ್ಲ, ಅರಸನ ಮುಂದೆ ನಡೆಯುವ ನ್ಯಾಯವಿಚಾರಣೆ.

ವಿಚಾರಣೆಗೆ ನಾಲ್ಕು ಪಾದಗಳಿವೆ ಎಂದು ಗ್ರಂಥ ಹೇಳುತ್ತದೆ. ದೂರು ಕೊಡುವ ಅರ್ಥಿಯ ಮಾತನ್ನು ಪ್ರತ್ಯರ್ಥಿಯ, ಎಂದರೆ ಎದುರಾಳಿಯ, ಮುಂದೆಯೇ ವರ್ಷ, ಮಾಸ, ಪಕ್ಷ, ದಿನ, ಹೆಸರುಗಳೊಡನೆ ಬರೆದುಕೊಳ್ಳುವುದು ಮೊದಲನೆಯದಾದ ಭಾಷಾಪಾದ. ಅದಕ್ಕೆ ಪ್ರತ್ಯರ್ಥಿ ಕೊಡುವ ಮರುಮಾತು ಉತ್ತರಪಾದ. ಸಾಕ್ಷಿ ಪುರಾವೆಗಳನ್ನು ಒದಗಿಸುವುದು ಕ್ರಿಯಾಪಾದ. ಕೊನೆಯದು ಸಾಧಿಸಬೇಕಾದುದು ಸಿದ್ಧವಾಯಿತೇ ಇಲ್ಲವೇ ಎಂಬ ನಿರ್ಣಯ. ಎಂಥ ದೂರನ್ನು ಎತ್ತಿಕೊಳ್ಳಲೇಬಾರದು ಎಂದು ತೋರಿಸುವಾಗ ವಿಜ್ಞಾನೇಶ್ವರನು ಕೊಡುವ ನಿದರ್ಶನಗಳು ಇಂದಿಗೂ ತಾಜಾ ಆಗಿವೆ: ನನ್ನ ಮೊಲದ ಕೊಂಬನ್ನು ಕೊಂಡೊಯ್ದು ಹಿಂದಿರುಗಿಸುತ್ತಿಲ್ಲ ಎಂಬ ದೂರು, ನಮ್ಮ ಮನೆಯ ದೀಪದ ಬೆಳಕಿನಲ್ಲಿ ಇವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆ ಎಂಬ ದೂರು, ಮೂಕನೊಬ್ಬ ನನ್ನನ್ನು ಬೈದ ಎಂಬ ದೂರು. ಜನರ ಜಗಳಗಂಟಿತನವನ್ನು ಹತ್ತಿರದಿಂದ ಕಂಡವನ ಅನುಭವ ಈ ಉದಾಹರಣೆಗಳ ಹಿಂದೆ ಇದೆ.

ಉತ್ತರದಲ್ಲಿಯೂ ನಾಲ್ಕು ಬಗೆ. ನೂರು ರೂಪಕಗಳ ಸಾಲವನ್ನು ಕೊಡಬೇಕೆಂದು ಒಬ್ಬನ ಮೇಲೆ ದೂರು ಬಂದಾಗ, ಹೌದು ಕೊಡಬೇಕು ಎಂದರೆ ಅದು ಸಂಪ್ರತಿಪತ್ತಿ, ಒಪ್ಪಿಗೆ. ನಾನು ತೆಗೆದುಕೊಂಡೇ ಇಲ್ಲ ಎಂದರೆ ಮಿಥ್ಯೋತ್ತರ. ತೆಗೆದುಕೊಂಡದ್ದು ನಿಜ, ಆದರೆ ಹಿಂದಕ್ಕೆ ಕೊಟ್ಟಿದ್ದೇನೆ, ಇಲ್ಲವೆ ಅದು ದಾನವಾಗಿ ಬಂದದ್ದು ಎಂದರೆ ಕಾರಣೋತ್ತರ. ಇದೇ ವಿಷಯದಲ್ಲಿ ಇವನು ಹಿಂದೊಮ್ಮೆ ನನ್ನೆದುರು ಸೋತಿದ್ದಾನೆ ಎಂದರೆ ಪ್ರಾಙ್ನ್ಯಾಯ. ಮಿಥ್ಯೋತ್ತರದಲ್ಲಿ ಸಾಧಿಸುವ ಹೊಣೆ ಅರ್ಥಿಯದು, ಕಾರಣೋತ್ತರದಲ್ಲಿಯೂ ಪ್ರಾಙ್ನ್ಯಾಯದಲ್ಲಿಯೂ ಅದು ಪ್ರತ್ಯರ್ಥಿಯ ಹೆಗಲಿಗೆ ಬೀಳುತ್ತದೆ. ಒಂದೇ ಮಾತಿನಿಂದ ಹೊಣೆ ಈ ಕಡೆಯಿಂದ ಆ ಕಡೆಗೆ ವಾಲುವ ಈ ಗಳಿಗೆಯನ್ನು ಇಂದಿನ ಕಾದಂಬರಿಕಾರನು ಒಂದು ಅಧ್ಯಾಯದ ಕೊನೆಗೆ ಇಟ್ಟುಕೊಳ್ಳುತ್ತಾನೆ. ಮೋಸದ ಮಾತುಗಳನ್ನು ತಳ್ಳಿಹಾಕಿ ನಡೆದ ಸಂಗತಿಯನ್ನು ಅನುಸರಿಸಿಯೇ ಅರಸನು ತೀರ್ಮಾನಿಸಬೇಕು, ಆದರೂ ಸಭೆಯ ಮುಂದೆ ಇಡದೆ ಬಿಟ್ಟ ಸತ್ಯವು ವ್ಯವಹಾರದಲ್ಲಿ ಸೋಲುತ್ತದೆ ಎಂದು ಸ್ಮೃತಿ ಒಂದೇ ಉಸಿರಿನಲ್ಲಿ ಹೇಳುವುದನ್ನು ಓದಿದಾಗ, ಬಾಯಿಬಿಡದ ಸಾಕ್ಷಿಯೊಬ್ಬನಿಗಾಗಿ ಓದುಗರು ಏಕೆ ತಳಮಳಿಸುತ್ತಾರೆ ಎಂಬುದು ಅರ್ಥವಾಗುತ್ತದೆ.

ಪುರಾವೆಗಳಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು, ಎಂದರೆ ಬರಹ, ಅನುಭೋಗ ಮತ್ತು ಕಂಡವರ ಮಾತು. ಬರಹದ ಬಗ್ಗೆ ಸಂಶಯ ಬಂದಾಗ ಅದೇ ಮನುಷ್ಯನು ಬರೆದ ಬೇರೆ ಬರಹದೊಡನೆ ಕೈಬರಹವನ್ನು ಹೋಲಿಸಬೇಕೆಂಬ ವಿಧಿ ಅಲ್ಲಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಬೆನ್ನು ತಿರುಗಿಸಿ ನಿಂತು, ವಿಕ್ರಮಾದಿತ್ಯನನ್ನು ಹೊಗಳುವ ಸಾಲನ್ನು ಫಲಕದ ಮೇಲೆ ಬರೆಯುತ್ತಿರುವಂತೆ ಕಡೆಯಲಾಗಿದೆ. ಅವಳ ಕೈಯಿಂದ ಮೂಡಿದ ಅಕ್ಷರಗಳನ್ನು ಇಂದಿಗೂ ಓದಬಹುದು. ಬರಹಕ್ಕೆ ಅಷ್ಟೊಂದು ಬೆಲೆ ಕೊಟ್ಟ ಕಾಲದಲ್ಲಿ ಪತ್ರವು ಪ್ರಮಾಣಗಳ ಮೊದಲ ಸಾಲಿನಲ್ಲಿ ಬಂದುದು ಸಹಜವಾಗಿದೆ.

ಕೊಂದವನು ಯಾರೆಂದು ತಿಳಿಯದಿದ್ದಾಗ ನಡೆಸಬೇಕಾದ ತನಿಖೆಯನ್ನೂ ಸ್ಮೃತಿ ಹೇಳುತ್ತದೆ. ಸತ್ತವನಿಗೆ ಯಾರೊಡನೆ ಜಗಳವಿತ್ತು ಎಂದು ಅವನ ಮಕ್ಕಳನ್ನೂ ಬಂಧುಗಳನ್ನೂ ತಡಮಾಡದೆ ಕೇಳಬೇಕು, ಪರಪುರುಷರ ಸಂಬಂಧವಿದ್ದ ಹೆಂಗಸರನ್ನು ಬೇರೆಬೇರೆಯಾಗಿ ವಿಚಾರಿಸಬೇಕು. ಅವನು ಹೆಣ್ಣು, ಹಣ, ಜೀವನೋಪಾಯ ಇವುಗಳಲ್ಲಿ ಯಾವುದರ ಬೆನ್ನು ಹತ್ತಿದ್ದ, ಕೊನೆಗೆ ಯಾರ ಜೊತೆ ಹೋಗಿದ್ದ ಎಂಬುದನ್ನು ಸಾವು ನಡೆದ ಜಾಗದ ಸುತ್ತಲಿನ ಜನರಿಂದ ಮೆಲ್ಲಗೆ ತಿಳಿಯಬೇಕು. ಕಳ್ಳನನ್ನು ಹಿಡಿಯಲು ಕದ್ದ ಮಾಲು, ಹೆಜ್ಜೆಯ ಜಾಡು, ಹಿಂದಿನ ಅಪರಾಧ, ಆದಾಯವಿಲ್ಲದೆ ಮಾಡುವ ಖರ್ಚು ಇಂಥ ಗುರುತುಗಳನ್ನು ಕೊಡಲಾಗಿದೆ. ಕದ್ದ ಮಾಲು ಕೈಯಲ್ಲಿ ಸಿಕ್ಕಿದರೂ ತೀರ್ಮಾನ ಬೇಡ ಎನ್ನುವವನು ವಿಜ್ಞಾನೇಶ್ವರ: ಅದು ಬೇರೊಬ್ಬನ ಕೈಜಾರಿ ಬಿದ್ದದ್ದಿರಬಹುದು, ನೆಲದಲ್ಲಿ ಸಿಕ್ಕದ್ದಿರಬಹುದು, ಕಳ್ಳನೇ ಎಸೆದು ಹೋದದ್ದಿರಬಹುದು ಎಂಬ ಸ್ಮೃತಿಕಾರ ನಾರದನ ಮಾತನ್ನು ಅವನು ಆಧಾರವಾಗಿ ತರುತ್ತಾನೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಒಂಬತ್ತನೆಯ ಅಂಕದಲ್ಲಿ ಆಗುವುದು ಇದೇ: ಗೆಳೆಯ ಮೈತ್ರೇಯನ ಕಂಕುಳಿಂದ ವಸಂತಸೇನೆಯ ಒಡವೆಗಳು ಜಾರಿ ಬಿದ್ದೊಡನೆ ಚಾರುದತ್ತನ ಮೇಲಿನ ಕೊಲೆಯ ಆರೋಪವು ಗಟ್ಟಿಯಾಗುತ್ತದೆ, ಒಡವೆ ನಿಜ, ಕೊಲೆ ಸುಳ್ಳು, ಸತ್ತಳೆನ್ನಲಾದವಳು ವಧಾಸ್ಥಾನಕ್ಕೆ ಜೀವಂತವಾಗಿ ಬರುತ್ತಾಳೆ.

ಮಿತಾಕ್ಷರದ ಅತ್ಯಂತ ದೊಡ್ಡ ಮಾತು ಇರುವುದು ಸುಳ್ಳುಗಾರನ ಲಕ್ಷಣಗಳನ್ನು ಹೇಳುವ ಶ್ಲೋಕಗಳ ವ್ಯಾಖ್ಯಾನದಲ್ಲಿ. ನಿಂತಲ್ಲಿ ನಿಲ್ಲದಿರುವುದು, ಬಾಯಿಯ ಅಂಚನ್ನು ನೆಕ್ಕಿಕೊಳ್ಳುವುದು, ಹಣೆ ಬೆವರುವುದು, ಮುಖದ ಬಣ್ಣ ಬದಲಾಗುವುದು, ಬಾಯಿ ಒಣಗಿ ಮಾತು ತೊದಲುವುದು, ಎದುರಿನವರ ಕಣ್ಣಿಗೆ ಕಣ್ಣು ಕೊಡದಿರುವುದು ಎಂದು ಮೂಲಸ್ಮೃತಿಯು ಪಟ್ಟಿ ಮಾಡಿ, ಅಂಥವನು ದುಷ್ಟನೆನ್ನುತ್ತದೆ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯ ಲೋಕಾನುಭವವೂ ಇದೇ ಆಗಿದೆ. ವಿಜ್ಞಾನೇಶ್ವರನು ಇಲ್ಲಿ ಮೂಲವನ್ನು ಒಪ್ಪಿಕೊಂಡೇ ಅದಕ್ಕೆ ಕಡಿವಾಣ ಹಾಕುತ್ತಾನೆ. ಇವು ದೋಷವಿರಬಹುದು ಎಂಬ ಸಂಭಾವನೆಯನ್ನು ಮಾತ್ರ ಹುಟ್ಟಿಸುತ್ತವೆ, ನಿಶ್ಚಯವನ್ನಲ್ಲ. ಏಕೆಂದರೆ ಯಾವ ವಿಕಾರವು ಆ ಮನುಷ್ಯನ ಸ್ವಭಾವದಿಂದ ಬಂದದ್ದು, ಯಾವುದು ಸುಳ್ಳಿನಿಂದ ಬಂದದ್ದು ಎಂದು ಬೇರ್ಪಡಿಸುವುದು ಕಷ್ಟ. ಒಬ್ಬ ಚತುರನು ಹಾಗೆ ಬೇರ್ಪಡಿಸಬಲ್ಲನೆಂದೇ ಇಟ್ಟುಕೊಂಡರೂ ಅದರಿಂದ ಸೋಲನ್ನು ವಿಧಿಸಲಾಗದು, ಸಾವಿನ ಚಿಹ್ನೆಗಳು ಮುಖದಲ್ಲಿ ಕಂಡವೆಂದು ಯಾರೂ ಬದುಕಿರುವವನಿಗೆ ಅಂತ್ಯಕ್ರಿಯೆ ಮಾಡುವುದಿಲ್ಲವಲ್ಲ ಎಂದು ಅವನು ಹೋಲಿಕೆ ಕೊಡುತ್ತಾನೆ. ಬಡವನೋ ಅಂಜುಬುರುಕನೋ ಮೊದಲ ಸಲ ಅರಸನ ಸಭೆಯಲ್ಲಿ ನಿಂತಾಗ ಹಣೆ ಬೆವರುವುದು ಎಷ್ಟು ಸಹಜವೆಂದು ಬಲ್ಲವನೇ ಹೀಗೆ ಬರೆಯಲು ಸಾಧ್ಯ. ಜಗತ್ತಿನ ನ್ಯಾಯಶಾಸ್ತ್ರದಲ್ಲಿ ಇಷ್ಟು ಕರುಣೆಯ, ಇಷ್ಟು ಖಚಿತವಾದ ಹೋಲಿಕೆ ಅಪರೂಪ. ಸಭೆಯವರಿಗೂ ಹಂಗಿಲ್ಲದ ಸ್ವಾತಂತ್ರ್ಯವಿರಲಿಲ್ಲ. ಪ್ರೀತಿ, ಲೋಭ ಅಥವಾ ಭಯದಿಂದ ತಪ್ಪು ತೀರ್ಪು ಕೊಟ್ಟ ಸಭ್ಯರಿಗೆ ಒಬ್ಬೊಬ್ಬರಿಗೂ ಎರಡು ಪಟ್ಟು ದಂಡ ವಿಧಿಸಲಾಗಿತ್ತು.

ಇಷ್ಟು ವಿವೇಕದ ಪಕ್ಕದಲ್ಲಿಯೇ ದಿವ್ಯಗಳಿವೆ. ಮಾನುಷ ಪ್ರಮಾಣ ಯಾವುದೂ ದೊರೆಯದಿದ್ದಾಗ, ದೊಡ್ಡ ಆರೋಪಗಳಲ್ಲಿ, ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ಪರೀಕ್ಷೆಗಳು. ಅಗ್ನಿದಿವ್ಯದಲ್ಲಿ ಅಂಗೈಯ ಮೇಲೆ ಏಳು ಅಶ್ವತ್ಥದ ಎಲೆಗಳನ್ನು ದಾರದಿಂದ ಸುತ್ತಿ, ಐವತ್ತು ಪಲ ತೂಕದ ಕಾದ ಕಬ್ಬಿಣದ ಗುಂಡನ್ನು ಹಿಡಿಸಿ, ಹದಿನಾರು ಅಂಗುಲದ ಏಳು ಮಂಡಲಗಳನ್ನು ದಾಟಿಸಿ, ಕೈ ಸುಡದಿದ್ದರೆ ಶುದ್ಧನೆನ್ನುತ್ತಿದ್ದರು. ಯಾರಿಗೆ ಯಾವ ದಿವ್ಯವೆಂಬುದು ವರ್ಣವನ್ನು ನೋಡಿ ನಿರ್ಧಾರವಾಗುತ್ತಿತ್ತು. ಬ್ರಾಹ್ಮಣನಿಗೆ ತಕ್ಕಡಿ, ಶೂದ್ರನಿಗೆ ಬೆಂಕಿ, ನೀರು ಅಥವಾ ವಿಷ. ಈ ಅಸಮಾನತೆಯನ್ನು ಮುಚ್ಚಿಟ್ಟು ಗ್ರಂಥವನ್ನು ಕೊಂಡಾಡುವುದು ವಿಜ್ಞಾನೇಶ್ವರನ ಸತ್ಯನಿಷ್ಠೆಗೇ ಅಪಚಾರವಾದೀತು.

ಮುಂದಿನ ಶತಮಾನಗಳಲ್ಲಿ ಮಿತಾಕ್ಷರದ ಒಂದು ಭಾಗ ಮಾತ್ರ ಲೋಕಪ್ರಸಿದ್ಧವಾಯಿತು. ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಅದರ ದಾಯವಿಭಾಗವನ್ನು, ಎಂದರೆ ಆಸ್ತಿಯ ಪಾಲಿನ ಭಾಗವನ್ನು, ಇಂಗ್ಲಿಷಿಗೆ ತಂದ ಮೇಲೆ ಬಂಗಾಳವನ್ನು ಬಿಟ್ಟು ಬಹುಪಾಲು ಭಾರತದ ನ್ಯಾಯಾಲಯಗಳು ಅದನ್ನೇ ಆಧರಿಸಿದವು. ವಿಚಾರಣೆಯನ್ನು ಕುರಿತ ಭಾಗವು ವಿದ್ವಾಂಸರ ಕಪಾಟಿನಲ್ಲಿ ಉಳಿಯಿತು. ಕಲ್ಯಾಣವೂ ಹುಮನಾಬಾದೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಿಂದ ಅದಾಲತ್ತಿನ ಭಾಷೆ ಉರ್ದು ಆಯಿತು, ಅರ್ಥಿ ಫಿರ್ಯಾದಿಯಾದ, ನಿರ್ಣಯ ಫೈಸಲಾ ಆಯಿತು. 1921ರಲ್ಲಿ ಅಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿದ್ದು ಆ ಕಾಲಕ್ಕೆ ದೊಡ್ಡ ಸುಧಾರಣೆ. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೇಲ್ಮನವಿಯ ದಾರಿ ಹೈದರಾಬಾದನ್ನು ಬಿಟ್ಟು ಬೆಂಗಳೂರಿಗೆ ಹೊರಳಿತು, 2008ರಲ್ಲಿ ಹೈಕೋರ್ಟಿನ ಪೀಠ ಕಲಬುರಗಿಗೆ ಬಂದಾಗ ಅದು ಮತ್ತೆ ಹತ್ತಿರವಾಯಿತು. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತು ಎಲ್ಲ ಆಳ್ವಿಕೆಗಳಲ್ಲಿಯೂ ಬದಲಾಗದೆ ಉಳಿಯಿತು.

ಮಿತಾಕ್ಷರ ರಚನೆಯಾದ ಕೆಲವೇ ದಶಕಗಳಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ಕಲ್ಯಾಣ ಎರಡು ಪ್ರಕರಣಗಳಿಗೆ ಸಾಕ್ಷಿಯಾಯಿತು. ಶರಣರಾದ ಹರಳಯ್ಯ ಮತ್ತು ಮಧುವರಸರು ತಮ್ಮ ಮಕ್ಕಳ ಮದುವೆಯನ್ನು ವರ್ಣದ ಗೆರೆ ದಾಟಿ ಬಹಿರಂಗವಾಗಿ ನಡೆಸಿದರೆಂದೂ ಅದಕ್ಕಾಗಿ ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತೆಂದೂ ಶರಣ ಪರಂಪರೆ ಹೇಳುತ್ತದೆ. ಅಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ, ಶಾಸ್ತ್ರದ ಮಾತಿನಲ್ಲಿ ಅದು ಪೂರ್ಣ ಸಂಪ್ರತಿಪತ್ತಿ, ವಿವಾದವಿದ್ದದ್ದು ಶಾಸ್ತ್ರದ ಮೇಲೆಯೇ. ಅದರ ಬೆನ್ನಿಗೆ ಬಂದ ಬಿಜ್ಜಳನ ಸಾವು ಮಾತ್ರ ಇದಕ್ಕೆ ವಿರುದ್ಧವಾದುದು. ವೀರಶೈವ ಪುರಾಣಗಳು ಜಗದೇವ ಮತ್ತು ಬೊಮ್ಮಯ್ಯರ ಕೈಯಲ್ಲಿ ಕತ್ತಿಯನ್ನು ಕಾಣುತ್ತವೆ, ಜೈನ ಕಥನವು ವಿಷದ ಹಣ್ಣನ್ನು ತೋರಿಸುತ್ತದೆ, ಶಾಸನಗಳಲ್ಲಿ 1168ರ ಹೊತ್ತಿಗೆ ಮಗ ಸೋವಿದೇವನು ಆಳುತ್ತಿದ್ದಾನೆ. ಸತ್ತವನಿಗೆ ಯಾರೊಡನೆ ಜಗಳವಿತ್ತು, ಕೊನೆಗೆ ಯಾರ ಜೊತೆ ಹೋಗಿದ್ದ ಎಂದು ಆ ಜಾಗದ ಸುತ್ತಲಿನ ಜನರನ್ನು ಮೆಲ್ಲಗೆ ಕೇಳಿ ಬರೆದುಕೊಂಡ ಒಂದು ಓಲೆಯೂ ಕಲ್ಯಾಣದಿಂದ ಉಳಿದು ಬಂದಿಲ್ಲ.